ಸಿಕಂದರಾಬಾದಿನ ದಂಡು ಮತ್ತು ವಂಶಮೂಲದ ದಾಖಲೆಗಳು

ಮೂರನೆಯ ನಿಜಾಮ ಸಿಕಂದರ್ ಜಾಹನ ಹೆಸರು ಹೊತ್ತ ಸಿಕಂದರಾಬಾದಿನ ದಂಡುಪ್ರದೇಶವು ನಿಜಾಮನ ರಾಜ್ಯದೊಳಗಿದ್ದರೂ ಮದರಾಸು ಸೈನ್ಯದ ನೆಲೆಯಾಗಿದ್ದುದರಿಂದ, ಅಲ್ಲಿನ ಬ್ರಿಟಿಷ್ ಸೈನಿಕ ಕುಟುಂಬಗಳ ದೀಕ್ಷಾಸ್ನಾನ, ಮದುವೆ ಮತ್ತು ಸಮಾಧಿಗಳ ಬಗ್ಗೆ ಪಾದ್ರಿಗಳು ಮೇಲಿನ ಕಚೇರಿಗೆ ಕಳುಹಿಸುತ್ತಿದ್ದ ನಕಲುಪಟ್ಟಿಗಳನ್ನು ಇಂದು ಬ್ರಿಟಿಷ್ ಲೈಬ್ರರಿಯ ಮದರಾಸು ಸಂಪುಟಗಳಲ್ಲಿ ಹುಡುಕಬೇಕಾಗುತ್ತದೆ. ತಂದೆಯ ಹುದ್ದೆ, ರೆಜಿಮೆಂಟುಗಳು ಸಿಕ್ಕಷ್ಟು ಸುಲಭವಾಗಿ ದೇಶೀಯ ತಾಯಿಯ ಹೆಸರು ಸಿಗುವುದಿಲ್ಲ. ಉದಾಹರಣೆಗೆ, ಹೈದರಾಬಾದಿನ ರೆಸಿಡೆಂಟನಾಗಿದ್ದ, ಎಂದರೆ ನಿಜಾಮನ ದರ್ಬಾರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿಯಾಗಿದ್ದ ಸೈನ್ಯಾಧಿಕಾರಿ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಮತ್ತು ಖೈರುನ್ನಿಸಾ ದಂಪತಿಯ ಮಕ್ಕಳಾದ ಸಾಹಿಬ್ ಆಲಂ, ಸಾಹಿಬ್ ಬೇಗಂ ಇಬ್ಬರೂ 1806ರಲ್ಲಿ ಲಂಡನ್ನಿನಲ್ಲಿ ದೀಕ್ಷಾಸ್ನಾನ ಪಡೆದು ವಿಲಿಯಂ ಜಾರ್ಜ್, ಕ್ಯಾಥರೀನ್ ಅರೋರಾ ಎನಿಸಿಕೊಂಡರು. ಅವರ ತಾಯಿಯ ಕಡೆಯ ಮನೆತನವನ್ನು ತಿಳಿಯಲು ಚರ್ಚಿನ ಪುಸ್ತಕಕ್ಕಿಂತ, ಹೈದರಾಬಾದಿನ ಅಜ್ಜಿ ಷರಫುನ್ನಿಸಾ 1840ರ ದಶಕದ ಆರಂಭದಲ್ಲಿ ಮೊಮ್ಮಗಳಿಗೆ ಬರೆಸಿದ ಪತ್ರಗಳೇ ಹೆಚ್ಚು ನೆರವಾಗುತ್ತವೆ.