ಸಿದ್ನಾಳ ಸೇತುವೆಯಾಚೆ

ಇನ್ನೂ ಕತ್ತಲು. ಅಕ್ಕೋಳದ ಓಣಿಯಲ್ಲಿ ಎಮ್ಮೆ ಕೊಟ್ಟಿಗೆಯ ಬಿಸಿ ವಾಸನೆ, ನೀರೊಲೆಯ ಹೊಗೆ. ನಿಮ್ಮ ಬೂಟಿನ ಸಪ್ಪಳಕ್ಕೆ ಒಂದು ನಾಯಿ ಬೊಗಳುತ್ತದೆ, ಇನ್ನೆರಡು ದನಿಗೂಡಿಸುತ್ತವೆ. ಓಡಬೇಡಿ. ಓಡಿದರೆ ಕಳ್ಳ, ನಡೆದರೆ ಊರವ. ನಾಯಿಗಳ ಕಾಯ್ದೆ ಅಷ್ಟೇ. ಕೊನೆಯ ಮನೆ ಹಿಂದಾದ ಮೇಲೆ ಗಡಿಯಾರದ ಗುಂಡಿ ಒತ್ತುತ್ತೀರಿ. ಮ್ಯಾರಥಾನ್ 42.195 ಕಿ.ಮೀ.; ಇಂದಿನ ಪಾಲು 30.

ರಸ್ತೆ ವೇದಗಂಗೆಯತ್ತ ಇಳಿಯುತ್ತದೆ. ಮಂಜು ದಟ್ಟವಾಗಿ ಹುಬ್ಬಿನ ಮೇಲೆ ಹನಿಗಟ್ಟುತ್ತದೆ. ನೀರು ಕಾಣುವ ಮೊದಲೇ ಅದರ ತಂಪು ಮೊಣಕಾಲಿಗೆ ತಾಗುತ್ತದೆ. ಮಳೆಗಾಲದಲ್ಲಿ ನದಿ ತುಂಬಿದರೆ ಮುಳುಗಿಬಿಡುವ ತಗ್ಗು ಸೇತುವೆ ಇದು. ಈಗ ಕಬ್ಬಿನ ಹಂಗಾಮು. ಇಲ್ಲಿ ಭಯ ನೀರಿನದಲ್ಲ.

ನಡುಸೇತುವೆಯಲ್ಲಿದ್ದೀರಿ. ಎದುರಿಗೆ ಒಂದೇ ದೀಪ. ಬೈಕಿರಬೇಕು. ದೀಪ ಹತ್ತಿರವಾಗುತ್ತದೆ, ಮರಾಠಿ ಹಾಡು ಕೇಳುತ್ತದೆ, ಕಾಲಡಿಯ ಕಾಂಕ್ರೀಟು ನಡುಗುತ್ತದೆ. ಬೈಕಲ್ಲ! ಒಂಟಿಗಣ್ಣಿನ ಟ್ರ್ಯಾಕ್ಟರು, ಹಿಂದೆ ಎರಡು ಟ್ರೇಲರು ಕಬ್ಬು, ಎರಡೂ ಬದಿಗೆ ಚಾಚಿದ ಗಳಗಳು. ಅಂಚಿಗೆ ಒತ್ತಿ ನಿಲ್ಲಬೇಕೋ, ತಿರುಗಿ ಓಡಬೇಕೋ? ತಿರುಗುತ್ತೀರಿ. ಓಡುತ್ತೀರಿ. ಬೆನ್ನಿಗೆ ಬೆಳಕು, ಕಿವಿಗೆ ಹಾರ್ನು, ಬಾಯಿಗೆ ಎದೆ. ಸೇತುವೆ ಮುಗಿದದ್ದೇ ಪಕ್ಕದ ಹುಲ್ಲಿಗೆ ಜಿಗಿಯುತ್ತೀರಿ. ಗಳದ ತುದಿ ಮುಖದ ಮುಂದೆಯೇ ಹಾದುಹೋಗುತ್ತದೆ, ಹಸಿ ಸಿಹಿ ವಾಸನೆ ಬಿಟ್ಟು.

ಮತ್ತೆ ನಿಧಾನಕ್ಕೆ ಬರುವುದೇ ಕಷ್ಟ. ಗಾಬರಿಯ ರಕ್ತ ಕಾಲನ್ನು ಮುಂದೆ ದೂಡುತ್ತದೆ. ದೂರದ ಓಟದಲ್ಲಿ ಆರಂಭದ ಹುರುಪು ಸಾಲವೇ, ಬಡ್ಡಿ ಕೊನೆಗೆ ಕಟ್ಟಬೇಕು. ಜತೆಗೊಬ್ಬರಿದ್ದರೆ ಪೂರ್ತಿ ವಾಕ್ಯ ಮಾತಾಡಬಲ್ಲಷ್ಟೇ ವೇಗ ಸಾಕು. ಯಾರೂ ಇಲ್ಲ; ನಿಮಗೆ ನೀವೇ ಮಗ್ಗಿ ಹೇಳಿಕೊಳ್ಳುತ್ತೀರಿ.

ಸಿದ್ನಾಳ ಹಿಂದಾಗುತ್ತದೆ. ಕುನ್ನೂರಿನ ಕಡೆ ಬೆಳಕು ಹರಿಯುತ್ತದೆ. ಕೊಯ್ದ ಗದ್ದೆಯಲ್ಲಿ ರವದಿ ಸುಟ್ಟ ಕರಿ, ಮೂಗಿನಲ್ಲಿ ಬೂದಿ. ಗಡಿಯಾರ 13 ತೋರಿಸುತ್ತದೆ. ಇಲ್ಲೇ ಹೊರಳಿದರೆ 26, ಅದೇನು ಕಡಿಮೆಯೇ? ಪ್ರಶ್ನೆ ಕೇಳುವುದು ತಲೆ. ಕಾಲು ಇನ್ನೂ ದೂರು ಕೊಟ್ಟಿಲ್ಲ. 15ರವರೆಗೆ ಹೋಗಿ ಹೊರಳುತ್ತೀರಿ. ಈಗ ಮನೆ ಎಷ್ಟು ದೂರವೋ ಓಟವೂ ಅಷ್ಟೇ ದೂರ.

ಇದೇ ಬೆಳಗಾವಿ ಸೀಮೆಯ ಫಡೆಪ್ಪ ಚೌಗುಲೆ 1920ರ ಆ್ಯಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿ 19ನೆಯವರಾದರು. ಅಂದಿನ ದಾರಿ 42.75 ಕಿ.ಮೀ., ಇಂದಿನದಕ್ಕಿಂತ ಉದ್ದ. ಅವರಿಗೆ ಹಿಡಿದದ್ದು 2 ಗಂಟೆ 50 ನಿಮಿಷ ಚಿಲ್ಲರೆ. ಅದರ ಹಿಂದಿನ ವರ್ಷವಷ್ಟೇ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ರೈತಾಪಿ ಹುಡುಗರು ಬರಿಗಾಲಲ್ಲಿ ಓಡುವುದನ್ನು ಕಂಡ ದೊರಾಬ್ಜಿ ಟಾಟಾ, ಇವರನ್ನು ಒಲಿಂಪಿಕ್ಸ್‌ಗೆ ಕಳಿಸಬೇಕೆಂದು ಹಟ ಹಿಡಿದಿದ್ದರು. ನಿಮ್ಮ ಮೆತ್ತನೆಯ ಬೂಟಿನ ಬೆಲೆ ನೆನಪಾಗಿ ಕೊಂಚ ನಾಚಿಕೆಯಾಗುತ್ತದೆ.

24. ತೊಡೆ ಕಲ್ಲಾಗುತ್ತದೆ. ಅಂಗಾಲು ಉರಿಯುತ್ತದೆ. ಮಗ್ಗಿ ತಪ್ಪುತ್ತದೆ, ಏಳೆಂಟಲೆ ಎಷ್ಟು? ಸ್ನಾಯುವಿನಲ್ಲಿ, ಯಕೃತ್ತಿನಲ್ಲಿ ದೇಹ ಕೂಡಿಟ್ಟ ಸಕ್ಕರೆ ತಳ ಕಾಣುವ ಹೊತ್ತು. ನಿಲ್ಲು, ನಿಲ್ಲು ಎನ್ನುತ್ತದೆ ಮೈ.

ರಾತ್ರಿ ಪಾಳಿಯ ಕರೆಂಟಿಗೆ ನೀರು ಹಾಯಿಸಿ ಬದುವಿನಲ್ಲಿ ಕೂತ ಹಿರಿಯರು ತಲೆಯೆತ್ತುತ್ತಾರೆ. "ಯಾರರ ಬೆನ್ನ ಹತ್ತ್ಯಾರೇನ್ರಿ?"

"ಇಲ್ರಿ ಕಾಕಾ, ಸುಮ್ನ ಓಡಾಕತ್ತೇನ್ರಿ."

"ಸುಮ್ನ!" ಅವರು ಗಳವೊಂದನ್ನು ಮೊಣಕಾಲಿಗೆ ಬಡಿದು ಮುರಿದು ಚಾಚುತ್ತಾರೆ. "ತಿಂದರ ಓಡ್ರಿ."

ಸಿಗಿದು ಅಗಿಯುತ್ತ ನಡೆಯುತ್ತೀರಿ. ತುಟಿ ಕೊಯ್ಯುತ್ತದೆ, ರಸ ಗಂಟಲಿಗಿಳಿಯುತ್ತದೆ. ತುಸು ಹೊತ್ತಿಗೆ ಕಣ್ಣು ತಿಳಿಯಾಗುತ್ತದೆ. ಐವತ್ತಾರು! ಹೆಜ್ಜೆ ತಾನಾಗಿ ಚುರುಕಾಗುತ್ತದೆ. ಬೆಳಿಗ್ಗೆ ಕಟ್ಟಿಹಾಕಿದ ವೇಗವನ್ನು ಈಗ ಬಿಡಬಹುದು. 28. ಸೇತುವೆ ಖಾಲಿ. 29. ಉಸಿರು ಸುಡುತ್ತದೆ, ತೋಳು ಬೀಸುತ್ತದೆ, ಏರು ಏರಲ್ಲ. 30.

ಚಹಾದಂಗಡಿಯ ಬಾಕಿನ ಮೇಲೆ ಕೂತುಬಿಟ್ಟಿದ್ದೀರಿ, ಏಳಲಾಗುತ್ತಿಲ್ಲ. ಬನಿಯನ್ನಿನ ಮೇಲೆ ಉಪ್ಪು ಬಿಳಿಗೆರೆಯಾಗಿದೆ. ಅಂಗಡಿಯ ಹುಡುಗ ಬಿಸಿ ಭಜಿಯ ಪ್ಲೇಟು ಇಟ್ಟು ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾನೆ.

"ಇನ್ನೊಂದ ತಾ ತಮ್ಮಾ," ಎನ್ನುತ್ತೀರಿ, ಮೊದಲನೆಯದನ್ನು ಮುಟ್ಟುವ ಮುಂಚೆಯೇ.