ಪೆನ್ನಿ ರೋಲಿನಲ್ಲಿ ಸಿಕ್ಕ 1947

ಅಮೆರಿಕದ ಬ್ಯಾಂಕಿನಲ್ಲಿ ಐವತ್ತು ಸೆಂಟು ಕೊಟ್ಟರೆ ಐವತ್ತು ಪೆನ್ನಿಗಳ ಕಾಗದದ ರೋಲ್ ಸಿಗುತ್ತದೆ. ಬಿಚ್ಚಿ ಮೇಜಿನ ಮೇಲೆ ಸುರಿದುಕೊಂಡು ಒಂದೊಂದನ್ನೇ ತಿರುವಿ ನೋಡುತ್ತೇನೆ. ಬೇಡದ್ದನ್ನು ಮತ್ತೆ ಬ್ಯಾಂಕಿಗೇ ಕಟ್ಟಬಹುದು.

ಹಿಂಬದಿಯಲ್ಲಿ ಎರಡು ಗೋಧಿ ತೆನೆ ಇದ್ದರೆ 1909ರಿಂದ 1958ರೊಳಗಿನ ಪೆನ್ನಿ. ಇದು ಸುಲಭ.

*

ಬೂದು ಬಣ್ಣದ ಪೆನ್ನಿ, 1943. ಅಯಸ್ಕಾಂತಕ್ಕೆ ಟಕ್ಕನೆ ಅಂಟಿತು. ಆ ವರ್ಷ ತಾಮ್ರವೆಲ್ಲ ಯುದ್ಧಕ್ಕೆ ಬೇಕಾಗಿ, ಸತುವಿನ ಲೇಪ ಕೊಟ್ಟ ಉಕ್ಕಿನಲ್ಲಿ ಟಂಕಿಸಿದರು. ತಪ್ಪಿ ತಾಮ್ರದಲ್ಲೇ ಟಂಕವಾದ ಕೆಲವೇ ಕೆಲವು ಪೆನ್ನಿಗಳಿಗೆ ಭಾರೀ ಬೆಲೆ. ಹಾಗಾಗಿ ನಕಲಿಗಳೂ ಇವೆ. ಉಕ್ಕಿಗೆ ತಾಮ್ರ ಬಳಿದಿದ್ದರೆ ಅಯಸ್ಕಾಂತವೇ ಹಿಡಿದುಕೊಡುತ್ತದೆ. 1948ರ ಎಂಟನ್ನು ಕೆರೆದು ಮೂರು ಮಾಡಿದ್ದರೆ? ಆಗ ಭೂತಗನ್ನಡಿಯೇ ಗತಿ.

*

ನಿಕಲ್, ಅಂದರೆ ಐದು ಸೆಂಟಿನ ನಾಣ್ಯಗಳ ರೋಲಿನಲ್ಲಿ ಇಸವಿಯೇ ಇಲ್ಲದ ನಾಣ್ಯ. ಒಂದು ಕಡೆ ಮೂಲನಿವಾಸಿಯ ಮುಖ, ಇನ್ನೊಂದು ಕಡೆ ಬೈಸನ್. 1913ರಿಂದ 1938ರವರೆಗೆ ಬಂದದ್ದು. ಇಸವಿಯನ್ನು ಭುಜದ ಉಬ್ಬಿನ ಮೇಲೆ ಕೂರಿಸಿದ್ದರಿಂದ ಕೈಯಿಂದ ಕೈಗೆ ಹೋಗುತ್ತಾ ಮೊದಲು ಸವೆದದ್ದೇ ಅದು. ಇಷ್ಟು ಚೆಂದದ ನಾಣ್ಯಕ್ಕೆ ಇಂಥ ಕೊರತೆ ಇರಬಾರದಿತ್ತು.

*

ಇನ್ನೊಂದು ಪೆನ್ನಿ. ಅದೇ ಅಗಲ, ಅದೇ ಕಂದು ಬಣ್ಣ, ಆದರೆ ಅಮೆರಿಕದ ಪೆನ್ನಿಯಲ್ಲಿರುವ ಲಿಂಕನ್ ಮುಖ ಇಲ್ಲ. ಆರನೇ ಜಾರ್ಜ್ ದೊರೆಯ ತಲೆ. ಹಿಂದೆ ಒಂದೇ ಕಡ್ಡಿಗೆ ಎರಡು ಮೇಪಲ್ ಎಲೆ. ಕೆನಡಾದ್ದು. ಅಳತೆ ಒಂದೇ ಆದ್ದರಿಂದ ಇಲ್ಲಿನ ರೋಲಿನೊಳಗೆ ನುಸುಳಿಬಿಡುತ್ತವೆ. ಇಸವಿ 1947.

ಇಸವಿಯ ಪಕ್ಕದಲ್ಲಿ ಏನೋ ಚುಕ್ಕೆ. ಕೊಳೆಯೆಂದುಕೊಂಡೆ. ದೀಪದ ಕೆಳಗೆ ಓರೆಯಾಗಿ ಹಿಡಿದಾಗ ಸಾಸಿವೆಗಿಂತ ಚಿಕ್ಕ ಮೇಪಲ್ ಎಲೆ ಕಂಡಿತು. ಎರಡು ದೊಡ್ಡ ಎಲೆ ಇರುವಾಗ ಈ ಮರಿ ಎಲೆ ಯಾಕೆ?

ಉತ್ತರ ಸಿಕ್ಕಿದ್ದು ನಮ್ಮ ದೇಶದಲ್ಲೇ. 1947ರವರೆಗೆ ದೊರೆಯ ತಲೆಯ ಸುತ್ತ ಲ್ಯಾಟಿನ್‌ನಲ್ಲಿ ‘ಇಂಡ್ ಇಂಪ್’ ಎಂಬ ಬಿರುದು ಇರುತ್ತಿತ್ತು. ಇಂಡಿಯಾದ ಚಕ್ರವರ್ತಿ ಎಂದರ್ಥ. 1947ರ ಆಗಸ್ಟ್‌ನಲ್ಲಿ ನಾವು ಸ್ವತಂತ್ರರಾದೆವು, ಬಿರುದು ತೆಗೆಯಬೇಕಾಯಿತು. ಹೊಸ ಅಚ್ಚು ಲಂಡನ್ನಿನಿಂದ ಬರುವುದು ತಡವಾಯಿತು, ಇತ್ತ ಕೆನಡಾದಲ್ಲಿ ಚಿಲ್ಲರೆಗೆ ಅಭಾವ. 1948ರಲ್ಲಿ ಹಳೇ ಬಿರುದು, ಹಳೇ ಇಸವಿಯನ್ನೇ ಇಟ್ಟುಕೊಂಡು ಟಂಕಿಸಿ, ಗುರುತಿಗೆಂದು ಈ ಮರಿ ಎಲೆ ಸೇರಿಸಿದರು. ಅಂದರೆ ನನ್ನ ಅಂಗೈಯಲ್ಲಿರುವ ಚಕ್ರವರ್ತಿ ಟಂಕವಾಗುವ ಹೊತ್ತಿಗೆ ಅವನ ಕೈಯಲ್ಲಿ ಇಂಡಿಯಾ ಇರಲಿಲ್ಲ!

ಬೆಲೆ ತೀರಾ ಹೆಚ್ಚೇನಲ್ಲ, ಒಟ್ಟಾರೆ ಬಹಳ ಟಂಕವಾಗಿವೆ. ನನಗಂತೂ ಉಕ್ಕಿನ ಪೆನ್ನಿಗಿಂತ ಇದೇ ದೊಡ್ಡದು. ನಮ್ಮ ಸ್ವಾತಂತ್ರ್ಯದಿಂದ ದೂರದ ಇನ್ನೊಂದು ದೇಶದ ಟಂಕಸಾಲೆಯ ಕೆಲಸ ತೊಡಕಿಗೆ ಸಿಕ್ಕಿತ್ತು ಎಂಬುದಕ್ಕೆ ಇಷ್ಟು ಪುಟ್ಟ ಸಾಕ್ಷಿ ಬೇರೆ ಎಲ್ಲಿದೆ?

*

ಮನೆಗೆ ಬಂದವರೊಬ್ಬರು ಈ ಪೆನ್ನಿ ನೋಡಿ, ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಫಳಫಳ ಹೊಳೆಯುತ್ತದೆ ಎಂದರು. ಹೊಳೆಯುವುದು ನಿಜ. ಆದರೆ ಆ ಕಂದು ಪದರ ಹೋದರೆ ನಾಣ್ಯದ ಮೇಲ್ಮೈಯೂ ಹೋಯಿತು, ಬೆಲೆಯೂ ಹೋಯಿತು. ಹೀಗೆ ತಿಕ್ಕಿದ್ದು ಸಂಗ್ರಾಹಕರಿಗೆ ತಕ್ಷಣ ಗೊತ್ತಾಗುತ್ತದೆ. ನಿಮ್ಮ ಅಜ್ಜಿಯ ಡಬ್ಬಿಯಲ್ಲೂ ಹಳೇ ಕಾಸು, ಆಣೆಗಳಿರಬಹುದು. ಅಂಚು ಹಿಡಿದು ನೋಡಿ, ಇಸವಿಯ ಅಕ್ಕಪಕ್ಕ ನೋಡಿ. ತೊಳೆಯಲು ಮಾತ್ರ ಹೋಗಬೇಡಿ.