ಕಡಕೊಳದ ಬುಟ್ಟಿ, ಮೈಸೂರಿನ ಸೂರು

ನಂಜನಗೂಡು ರಸ್ತೆಯಲ್ಲಿ ಮೈಸೂರಿಗೆ ಹತ್ತು ಹನ್ನೆರಡು ಕಿಲೋಮೀಟರ್ ಇರುವಾಗ ಸಿಗುವ ಊರು ಕಡಕೊಳ. ಈಗ ಕಾರ್ಖಾನೆಗಳಿಗೂ ಸರಕು ಕಂಟೇನರುಗಳಿಗೂ ಹೆಸರಾದ ಈ ಊರಿನಲ್ಲಿ ಬೆಳಗಿನ ಬಸ್ಸಿಗೆ ಕಾದು ನಿಂತರೆ, ಹಳೆಯ ಸರಕೊಂದು ಇನ್ನೂ ಕಣ್ಣಿಗೆ ಬೀಳುತ್ತದೆ. ಅದು ಒದ್ದೆ ಬಟ್ಟೆ ಹೊದಿಸಿದ ಹೂವಿನ ಬುಟ್ಟಿ. "ಎಲ್ಲಿಗಮ್ಮ?" ಎಂದರೆ "ಮಾರ್ಕೆಟ್ಟಿಗೆ" ಎಂಬ ಚುಟುಕು ಉತ್ತರ. ಯಾವ ಮಾರ್ಕೆಟ್ಟು ಎಂದು ಯಾರೂ ಕೇಳುವುದಿಲ್ಲ. ಮೈಸೂರು ಸೀಮೆಯಲ್ಲಿ ಆ ಮಾತಿಗೆ ದೇವರಾಜ ಮಾರುಕಟ್ಟೆ ಎಂದೇ ಅರ್ಥ.

ದಾರಿಯಲ್ಲಿ ಬಂಡಿಪಾಳ್ಯದ ಎಪಿಎಂಸಿ ಪ್ರಾಂಗಣ ಬರುತ್ತದೆ. ಲಾರಿಗಟ್ಟಲೆ ಸಗಟು ವ್ಯಾಪಾರವೆಲ್ಲ ಅಲ್ಲಿ. ಮೊಳ, ಕಟ್ಟು, ಡಜನ್ನಿನ ಲೆಕ್ಕ ನಡೆಯುವುದು ನಗರದ ನಡುವಿನ ಈ ಹಳೆಯ ಸೂರಿನ ಕೆಳಗೆ. ನಗರ ಬಸ್ ನಿಲ್ದಾಣದಲ್ಲಿಳಿದು ನಾಲ್ಕು ಹೆಜ್ಜೆ ಹಾಕಿದರೆ ಚಿಕ್ಕ ಗಡಿಯಾರ. ಅಲ್ಲಿಂದ ಮಾರುಕಟ್ಟೆಯೊಳಗೆ ಕಾಲಿಟ್ಟೊಡನೆ ಮೂಗಿಗೆ ಕೆಲಸ ಹೆಚ್ಚಾಗುತ್ತದೆ. ಮಲ್ಲಿಗೆ, ಮರುಗ, ಕರ್ಪೂರ, ಕೊತ್ತಂಬರಿ, ಮಾಗಿದ ಬಾಳೆ ಒಂದರ ಬೆನ್ನಿಗೆ ಒಂದು ಬರುತ್ತವೆ. ತಟ್ಟೆಗಳಲ್ಲಿ ಗೋಪುರದಂತೆ ಪೇರಿಸಿಟ್ಟ ಬಣ್ಣದ ಕುಂಕುಮದ ಮುಂದೆ ವಿದೇಶಿ ಪ್ರವಾಸಿಗರು ಕ್ಯಾಮೆರಾ ಹಿಡಿದು ನಿಂತಿರುತ್ತಾರೆ. ಪಕ್ಕದಲ್ಲೇ ಊರಿನ ಗೃಹಿಣಿ, "ಮೊಳಾನ ಸರಿಯಾಗಿ ಅಳೀರಿ" ಎಂದು ಹೂವಾಡಗಿತ್ತಿಯ ಮೊಣಕೈ ಮೇಲೆ ಕಣ್ಣಿಟ್ಟಿರುತ್ತಾಳೆ.

ಸಂತೆ ಕೂಡುತ್ತಿದ್ದ ಜಾಗದಲ್ಲಿ ಕಟ್ಟಡ ಎದ್ದದ್ದು 1886ರ ಸುಮಾರಿಗೆ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ. ಹೆಸರು 17ನೆಯ ಶತಮಾನದ ದೊಡ್ಡ ದೇವರಾಜ ಒಡೆಯರದು. ಮುಂದೆ ಅದು ಹಂತಹಂತವಾಗಿ ಬೆಳೆದು, ಸಯ್ಯಾಜಿರಾವ್ ರಸ್ತೆಯ ಉದ್ದಕ್ಕೂ ಧನ್ವಂತರಿ ರಸ್ತೆಯವರೆಗೆ ಚಾಚಿಕೊಂಡಿತು. ದಸರಾ ಜಂಬೂಸವಾರಿ ಹಾದುಹೋಗುವುದು ಇದರ ಮಗ್ಗುಲಲ್ಲೇ.

ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಮೂರಕ್ಕೂ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿದೆ. ಆದರೆ ಬಾಳೆಹಣ್ಣಿನ ಸಾಲಿನಲ್ಲಿ ರಸಬಾಳೆ ಕೇಳಿ ನೋಡಿ. ಏಲಕ್ಕಿ, ಪಚ್ಚಬಾಳೆ ಧಾರಾಳವಾಗಿವೆ. ರಸಬಾಳೆ ಕಂಡರೆ ನಿಮ್ಮ ಅದೃಷ್ಟ. ನಂಜನಗೂಡು ಬಳಿಯ ದೇವರಸನಹಳ್ಳಿಯ ತೋಟಗಳಲ್ಲಿ ಹೆಸರು ಮಾಡಿದ ಈ ಹಣ್ಣನ್ನು ಪನಾಮಾ ಸೊರಗು ರೋಗ ಮೂಲೆಗುಂಪು ಮಾಡಿತು. ಬಾಳೆಯನ್ನು ಬೀಜದಿಂದಲ್ಲ, ಕಂದಿನಿಂದ ಬೆಳೆಸುತ್ತಾರೆ. ಹಾಗಾಗಿ ತೋಟದ ಗಿಡಗಳೆಲ್ಲ ಒಂದೇ ಅಚ್ಚು. ಒಂದನ್ನು ಮಣಿಸುವ ರೋಗ ಎಲ್ಲವನ್ನೂ ಮಣಿಸುತ್ತದೆ. ರೋಗ ತರುವ ಫ್ಯುಸೇರಿಯಂ ಶಿಲೀಂಧ್ರ ಮಣ್ಣಿನಲ್ಲಿ ದಶಕಗಟ್ಟಲೆ ಅಡಗಿರಬಲ್ಲದು. ಮನ್ನಣೆಯ ಪತ್ರ ಬಂದ ಮಾತ್ರಕ್ಕೆ ಹಣ್ಣು ಬುಟ್ಟಿಗೆ ಮರಳುವುದಿಲ್ಲ.

ಕಟ್ಟಡದ ಕಥೆಯೂ ಇದಕ್ಕಿಂತ ಬಹಳ ಬೇರೆಯೇನಲ್ಲ. ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಅದಾಗಿ ನಾಲ್ಕು ವರ್ಷಕ್ಕೆ, 2016ರ ಆಗಸ್ಟ್ 28ರ ಭಾನುವಾರ, ದುರಸ್ತಿ ನಡೆಯುತ್ತಿದ್ದಾಗಲೇ ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಭಾಗ ಉರುಳಿತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಆಗಿನಿಂದ ಶುರುವಾಯಿತು ವಾದ. ಕೆಡವಿ ಹಳೆಯ ಮಾದರಿಯಲ್ಲೇ ಹೊಸದು ಕಟ್ಟಬೇಕೆಂದು ಕೆಲವರು. ಉಳಿಸಿ ದುರಸ್ತಿ ಮಾಡಬಹುದೆಂದು ಪಾರಂಪರಿಕ ತಜ್ಞರು. ವಿವಾದ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

ಹಳೆಯ ಗೋಡೆಯ ಗುಟ್ಟು ಗಾರೆಯಲ್ಲಿದೆ. ಸುಣ್ಣದ ಗಾರೆ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರುತ್ತಾ ವರ್ಷಗಟ್ಟಲೆ ನಿಧಾನವಾಗಿ ಕಲ್ಲಾಗುತ್ತದೆ. ಗೋಡೆ ಕುಡಿದ ಮಳೆನೀರು ಅದರ ಸಣ್ಣ ರಂಧ್ರಗಳಿಂದ ಆವಿಯಾಗಿ ಹೊರಹೋಗುತ್ತದೆ. ಅವಸರಕ್ಕೆ ಮೇಲೆ ಸಿಮೆಂಟು ಬಳಿದರೆ ಆ ದಾರಿ ಮುಚ್ಚಿ, ತೇವ ಒಳಗೇ ಉಳಿದು ಗಾರೆಯನ್ನು ಸಡಿಲಿಸುತ್ತದೆ. ಬಿರುಕಿನಲ್ಲಿ ಬೇರೂರಿದ ಒಂದು ಅರಳಿ ಸಸಿ ಸಾಕು, ಇಟ್ಟಿಗೆಗಳನ್ನು ಬೇರ್ಪಡಿಸಲು. ಇಂಥ ಕಟ್ಟಡಕ್ಕೆ ಬೇಕಾದದ್ದು ನೂರು ವರ್ಷಕ್ಕೊಮ್ಮೆ ಮಾಡುವ ದೊಡ್ಡ ಖರ್ಚಲ್ಲ, ವರ್ಷವರ್ಷವೂ ಮಳೆಗಾಲಕ್ಕೆ ಮುಂಚಿನ ಸಣ್ಣ ಆರೈಕೆ.

ಇಟಲಿಯ ಫ್ಲಾರೆನ್ಸ್ ನಗರದಲ್ಲೂ ಇದೇ ವಯಸ್ಸಿನ ಒಂದು ಮಾರುಕಟ್ಟೆ ಇದೆ. ಜುಸೆಪ್ಪೆ ಮೆಂಗೋನಿ ವಿನ್ಯಾಸದ, ಕಬ್ಬಿಣ ಗಾಜುಗಳ ಆ ಸೂರು 1874ರಲ್ಲಿ ತೆರೆಯಿತು. ಅದರ ಮೇಲಂತಸ್ತು 2014ರಲ್ಲಿ ತಿಂಡಿ ಊಟದ ಮಳಿಗೆಗಳ ತಾಣವಾಯಿತು. ಕೆಳಗಡೆ ಮಾಂಸ, ಗಿಣ್ಣು, ತರಕಾರಿಯ ಅಂಗಡಿಗಳು ಉಳಿದವು. ಹಳೆಯ ಕಟ್ಟಡ ಹೊಸ ಕಾಲಕ್ಕೂ ಬಾಳಬಹುದು ಎಂಬುದಕ್ಕೆ ಅದು ಸಾಕ್ಷಿ. ಆದರೆ ಸೂರು ಉಳಿದೂ ಬುಟ್ಟಿ ಹೊತ್ತವರಿಗೆ ಜಾಗ ಇಲ್ಲವಾದರೆ ಉಳಿಯುವುದು ಪ್ರದರ್ಶನದ ಮಳಿಗೆ ಮಾತ್ರ.

ಮೈಸೂರಿನ ವ್ಯಾಪಾರಿಗಳ ಆತಂಕವೂ ಅದೇ. ಇಂದು ಎದ್ದು ಹೋದರೆ ನಾಳೆ ಅದೇ ಜಾಗ, ಕಟ್ಟಬಲ್ಲ ಬಾಡಿಗೆಗೆ ಮತ್ತೆ ಸಿಕ್ಕೀತೇ? ಕಮಾನನ್ನು ಅಚ್ಚುಕಟ್ಟಾಗಿ ಮತ್ತೆ ಕಟ್ಟಬಹುದು. ಚದುರಿಹೋದ ಗಿರಾಕಿಗಳನ್ನು ಮತ್ತೆ ಕೂಡಿಸುವುದು, ರೋಗ ಹಿಡಿದ ಮಣ್ಣಿನಲ್ಲಿ ರಸಬಾಳೆ ಎಬ್ಬಿಸಿದಷ್ಟೇ ಕಷ್ಟ.

ಮೈಸೂರಿಗೆ ಹೋದವರು ಅರಮನೆ ನೋಡಿ ಹಾಗೇ ಹಿಂತಿರುಗಬೇಡಿ. ಮಾರುಕಟ್ಟೆಗೂ ಒಂದು ಸುತ್ತು ಹಾಕಿ, ಮೊಳ ಮಲ್ಲಿಗೆ ಕೊಳ್ಳಿ. ಸಂಜೆ ಕಡಕೊಳದ ಬಸ್ಸು ಹತ್ತುವ ಬುಟ್ಟಿ ಖಾಲಿಯಾಗಿದ್ದರೆ, ಆ ದಿನದ ಮಟ್ಟಿಗೆ ಮಾರುಕಟ್ಟೆ ಬದುಕಿದೆ ಎಂದೇ ಲೆಕ್ಕ.